ಒಂದೇ ಸುಳಿಯ ಮರ: ತಾಳೆಗಳು ಎಲ್ಲಿ ಬದುಕುತ್ತವೆ, ಎಲ್ಲಿ ಸಾಯುತ್ತವೆ, ಏಕೆ

ಚಳಿಗಾಲ ಕಳೆದ ಮೇಲೆ ತಾಳೆ ಬೆಳೆಸುವವರು ಗಿಡದ ಬಳಿ ಹೋಗಿ ಮೊದಲು ಮಾಡುವ ಕೆಲಸ ಒಂದೇ. ನಡುವೆ ನೆಟ್ಟಗೆ ನಿಂತ ಸುಳಿಗರಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡುತ್ತಾರೆ. ಗರಿ ಕದಲದಿದ್ದರೆ ಜೀವಕ್ಕೆ ನೆಮ್ಮದಿ. ಕೆಲವೊಮ್ಮೆ ಅದು ಒರೆಯಿಂದ ಕತ್ತಿ ಬಂದಂತೆ ಸಲೀಸಾಗಿ ಕೈಗೆ ಬಂದುಬಿಡುತ್ತದೆ. ತುದಿ ಇನ್ನೂ ಹಸಿರಾಗಿರುತ್ತದೆ. ಬುಡದ ಎರಡು ಇಂಚು ಮಾತ್ರ ಕಂದು ಲೋಳೆ, ಹುಳಿತ ವಾಸನೆ. ಸುತ್ತಲಿನ ಗರಿಗಳೆಲ್ಲ ಹಚ್ಚಗೆ ಹರಡಿಕೊಂಡಿರುವಾಗಲೇ ಗಿಡ ಒಳಗಿನಿಂದ ಸತ್ತಿರಬಹುದು ಎಂದು ನನಗೆ ತಿಳಿದದ್ದು ಅಂಥ ಒಂದು ಗರಿಯಿಂದ. ಅದು ಕೈಗೆ ಬಂದಾಗ ಆ ಗಿಡಕ್ಕೆ ಏಳು ವರ್ಷ.

ತಾಳೆಯ ಬಗ್ಗೆ ಏನೇ ತಿಳಿಯಬೇಕಿದ್ದರೂ ಆ ಸುಳಿಯಿಂದಲೇ ಶುರು ಮಾಡಬೇಕು. ಚಳಿ, ಸೆಕೆ, ಗೊಬ್ಬರ, ಕತ್ತರಿ, ನಾಟಿ, ಬೀಜ ಎಲ್ಲದರ ಲೆಕ್ಕವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಇಲ್ಲಿ ತಾಳೆ ಎಂದರೆ ಇಡೀ ಪಾಮ್ ಕುಟುಂಬ, ಅದು ದೊಡ್ಡದು. ತೆಂಗು, ಅಡಿಕೆ, ಈಚಲು, ಬೈನೆ, ಖರ್ಜೂರ, ಶ್ರೀತಾಳೆ, ಎಣ್ಣೆತಾಳೆ, ಮರಗಳನ್ನು ಹಿಡಿದು ಮೇಲೇರುವ ಬೆತ್ತ ಎಲ್ಲವೂ ಇದೇ ಮನೆತನದವು. ಇದುವರೆಗೆ ಗುರುತಿಸಿರುವ ಪ್ರಭೇದಗಳು ಸುಮಾರು 2,600. ಸಸ್ಯಗಳಿಗೆ ಹೆಸರಿಡುವ ಪದ್ಧತಿ ತಂದ ಲಿನ್ನೇಯಸ್ ಇವುಗಳನ್ನು ಸಸ್ಯಲೋಕದ ರಾಜರ ಸಾಲಿಗೆ ಸೇರಿಸಿದ್ದ. ಹೆಚ್ಚಿನವು ಉಷ್ಣವಲಯದ ಮಳೆಕಾಡಿನವು, ನಿಜ. ಆದರೆ ನಿಕಾವು ಎಂಬ ತಾಳೆ ನ್ಯೂಜಿಲೆಂಡಿನ ಪೂರ್ವಕ್ಕಿರುವ ಚಾಥಮ್ ದ್ವೀಪಗಳಲ್ಲಿ, 44 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ ಬೆಳೆಯುತ್ತದೆ. ಕೇಮರೋಪ್ಸ್ ಎಂಬ ಕುಳ್ಳು ತಾಳೆಗೆ ಯುರೋಪಿನ ಮೆಡಿಟರೇನಿಯನ್ ತೀರವೇ ತವರು. ಅಫ್ಘಾನಿಸ್ತಾನ, ಪಾಕಿಸ್ತಾನದ ಬೋಳು ಗುಡ್ಡಗಳ ಮಝರಿ ತಾಳೆ ಬೇಸಿಗೆಯ ಕಾವನ್ನೂ ಚಳಿಗಾಲದ ಹಿಮವನ್ನೂ ತಿಂದು ಬದುಕುತ್ತದೆ. ಮರಳು ದಂಡೆ, ಉಪ್ಪುಗಾಳಿ, ಬಾಗಿದ ಕಾಂಡ ಎಂಬ ಕ್ಯಾಲೆಂಡರ್ ಚಿತ್ರ ಈ ದೊಡ್ಡ ಸಂಸಾರದಲ್ಲಿ ತೆಂಗಿಗೆ ಮಾತ್ರ ಒಪ್ಪುತ್ತದೆ.

ಹೆಸರಿನ ಗೊಂದಲವನ್ನು ಇಲ್ಲೇ ಮುಗಿಸಿಬಿಡೋಣ. ಟ್ರಾವೆಲರ್ಸ್ ಪಾಮ್ ಎಂದು ಕರೆಯುವ ಬೀಸಣಿಗೆಯಂಥ ಗಿಡ ತಾಳೆಯಲ್ಲ, ಬಾಳೆಯ ದೂರದ ನೆಂಟ. ಸಾಗೋ ಪಾಮ್ ಎಂದು ಕುಂಡದಲ್ಲಿ ಕೂರಿಸುವ ಸೈಕಸ್ ಗಿಡಕ್ಕೂ ತಾಳೆಗೂ ನೆಂಟಸ್ತಿಕೆಯೇ ಇಲ್ಲ. ಅದು ಹೂವೇ ಬಿಡದ, ಇನ್ನೂ ಹಳೆಯ ವಂಶದ್ದು. ಅರೆಕಾ ಪಾಮ್ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಮಾರಾಟವಾಗುವುದು ಅಡಿಕೆಯ ಕುಲದ ಗಿಡವಲ್ಲ, ಮಡಗಾಸ್ಕರಿನ ಡಿಪ್ಸಿಸ್ ಲುಟೆಸೆನ್ಸ್. ವರ್ಗೀಕರಣ ಮಾಡುವವರು ಈಚೆಗೆ ಅದರ ಕುಲದ ಹೆಸರನ್ನೂ ಬದಲಿಸಿದ್ದಾರೆ, ಬೆಳೆಸುವವರ ಬಾಯಲ್ಲಿ ಮಾತ್ರ ಹಳೆಯದೇ ಉಳಿದಿದೆ. ಸಂಗ್ರಹಕ್ಕೆ ಇಳಿದವರು ಸಸ್ಯಶಾಸ್ತ್ರದ ಹೆಸರನ್ನೇ ಬಳಸುವುದು ಪಾಂಡಿತ್ಯ ಮೆರೆಯಲು ಅಲ್ಲ. ಹೆಸರು ತಪ್ಪಿದರೆ ತವರು ತಪ್ಪುತ್ತದೆ, ತವರು ತಪ್ಪಿದರೆ ಗಿಡ ಸಾಯುತ್ತದೆ.

ಮಾಯದ ಗಾಯ

ಮಾವು, ಹಲಸು, ಬೇವಿನಂಥ ಮರಗಳ ತೊಗಟೆಯ ಕೆಳಗೆ ತೆಳುವಾದ ಒಂದು ಜೀವಂತ ಪದರವಿದೆ. ಅದು ವರ್ಷವರ್ಷವೂ ಹೊಸ ಕಟ್ಟಿಗೆ ಕಟ್ಟುತ್ತದೆ, ಕಾಂಡವನ್ನು ದಪ್ಪ ಮಾಡುತ್ತದೆ, ಗಾಯವಾದರೆ ಸುತ್ತ ಅಂಚು ಬೆಳೆಸಿ ಮುಚ್ಚುತ್ತದೆ. ತಾಳೆಗೆ ಈ ಪದರವೇ ಇಲ್ಲ. ಅದು ಹುಲ್ಲು, ಬಿದಿರುಗಳಂತೆ ಏಕದಳ ಸಸ್ಯ. ತುಂಡರಿಸಿದ ತೆಂಗಿನ ಕಾಂಡವನ್ನು ನೋಡಿದವರಿಗೆ ನೆನಪಿರುತ್ತದೆ: ಅಲ್ಲಿ ವರ್ಷದ ಉಂಗುರಗಳಿಲ್ಲ, ಮೆತ್ತನೆಯ ತಿರುಳಿನಲ್ಲಿ ಸಾವಿರಾರು ಕಪ್ಪು ಚುಕ್ಕೆಗಳು ಚೆಲ್ಲಿಕೊಂಡಿವೆ. ಒಂದೊಂದು ಚುಕ್ಕೆಯೂ ಬೇರಿನಿಂದ ನೆತ್ತಿಯವರೆಗೆ ಹೋಗುವ ಒಂದು ನಾರಿನ ಕೊಳವೆ; ನೀರೂ ಆಹಾರವೂ ಅದರಲ್ಲೇ ಹರಿಯುತ್ತವೆ.

ಹಾಗಾಗಿ ತಾಳೆಯ ಕಾಂಡಕ್ಕೆ ಹೊಡೆದ ಮೊಳೆ, ಕೊಚ್ಚಿದ ಕಚ್ಚು, ಯಂತ್ರ ತಾಗಿ ಎದ್ದ ಗಾಯ ಮರ ಬದುಕಿರುವವರೆಗೂ ಹಾಗೆಯೇ ಇರುತ್ತವೆ. ಇನ್ನೂ ಬೆರಗಿನ ಸಂಗತಿಯೆಂದರೆ, ಹಳೆಯ ಮರದ ಬುಡದ ಕಾಂಡದಲ್ಲಿರುವ ಜೀವಕೋಶಗಳಿಗೂ ಮರದಷ್ಟೇ ವಯಸ್ಸು. ನೂರು ವರ್ಷದ ತಾಳೆಯ ಬುಡದಲ್ಲಿ ನೂರು ವರ್ಷದಿಂದ ಬದಲಿಯಿಲ್ಲದೆ ದುಡಿಯುತ್ತಿರುವ ಕೋಶಗಳಿವೆ.

ಬೆಳವಣಿಗೆಯೆಲ್ಲ ನಡೆಯುವುದು ನೆತ್ತಿಯ ಒಂದೇ ಮೊಗ್ಗಿನಲ್ಲಿ, ಅಂದರೆ ಸುಳಿಯಲ್ಲಿ. ಎಲೆಯ ಹಾಳೆಗಳು ಒಂದರ ಮೇಲೊಂದು ಸುತ್ತಿ ಅದನ್ನು ಕಾಯುತ್ತವೆ. ಇಂದು ಬಿಚ್ಚಿಕೊಳ್ಳುತ್ತಿರುವ ತೆಂಗಿನ ಗರಿ ಆ ಕತ್ತಲೆಯಲ್ಲಿ ರೂಪ ತಾಳಲು ಶುರುವಾಗಿ ಎರಡು ವರ್ಷಕ್ಕೂ ಹೆಚ್ಚಾಗಿರುತ್ತದೆ. ಸುಳಿಗೆ ಬಿದ್ದ ಪೆಟ್ಟು ಹೊರಗೆ ಕಾಣಲು ತಿಂಗಳುಗಳು ಹಿಡಿಯುವುದು ಇದಕ್ಕೇ. ಒಂಟಿ ಕಾಂಡದ ತಾಳೆಯ ಸುಳಿ ಸತ್ತರೆ ಪಕ್ಕದಿಂದ ಚಿಗುರುವ ಮಾತೇ ಇಲ್ಲ. ಬುಡದಿಂದ ಮರಿ ಹಾಕುವ ಗುಂಪುತಾಳೆಗಳಿಗೆ ಮಾತ್ರ ಇದರಿಂದ ಒಂದಿಷ್ಟು ವಿನಾಯಿತಿ. ಇಟಲಿಯ ಪಾದುವಾ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟ ಕೇಮರೋಪ್ಸ್ ಈಗಲೂ ಜೀವಂತವಾಗಿದೆ. 1786ರಲ್ಲಿ ಜರ್ಮನ್ ಕವಿ ಗಯಟೆ ಅದರ ಮುಂದೆ ನಿಂತು ಎಲೆಗಳನ್ನು ಗಮನಿಸಿದ್ದ. ಅಷ್ಟು ದೀರ್ಘಾಯುಷ್ಯದಲ್ಲಿ ಅದು ಹಲವು ಕಾಂಡಗಳ ಗುಂಪುತಾಳೆಯಾಗಿರುವುದಕ್ಕೂ ಪಾಲಿದೆ ಎಂದು ನನ್ನ ಎಣಿಕೆ.

ಇನ್ನೊಂದು ವಿಚಿತ್ರವಿದೆ. ಕಾಂಡ ಆಮೇಲೆ ದಪ್ಪವಾಗುವ ದಾರಿ ಹೆಚ್ಚುಕಡಿಮೆ ಇಲ್ಲದ ಕಾರಣ, ತಾಳೆ ಮೊದಲೇ ತನಗೆ ಬೇಕಾದ ಅಗಲವನ್ನು ನೆಲಮಟ್ಟದಲ್ಲಿ ಕಟ್ಟಿಕೊಳ್ಳುತ್ತದೆ. ಎತ್ತರಕ್ಕೆ ಹೊರಡುವುದು ಆ ಬಳಿಕ. ಮೊದಲ ಕೆಲವು ವರ್ಷ ಗಿಡ ಬೆಳೆಯುತ್ತಲೇ ಇಲ್ಲವೇನೋ ಅನ್ನಿಸುವುದಕ್ಕೆ ಇದೇ ಕಾರಣ. ಪ್ರತಿ ಹೊಸ ಗರಿಯೂ ಹಿಂದಿನದಕ್ಕಿಂತ ತುಸು ದೊಡ್ಡದಾಗಿ ಬರುತ್ತಿದ್ದರೆ ಕೆಲಸ ಸರಿಯಾಗಿ ಸಾಗುತ್ತಿದೆ ಎಂದರ್ಥ. ಚಿಕ್ಕದಾಗುತ್ತ ಹೋದರೆ ಬೇರಿನಲ್ಲೋ ನೀರಿನಲ್ಲೋ ತೊಂದರೆ ಇದೆ.

ಥರ್ಮಾಮೀಟರು ಹೇಳದ ಸಂಗತಿಗಳು

ಯಾವ ತಾಳೆ ಎಷ್ಟು ಡಿಗ್ರಿ ಚಳಿ ತಡೆಯುತ್ತದೆ? ಹೊಸಬರು ಮೊದಲು ಕೇಳುವ ಪ್ರಶ್ನೆ ಇದು, ಉತ್ತರವಾಗಿ ಅಂಕಿಗಳೂ ಸಿಗುತ್ತವೆ. ಅಮೆರಿಕದ ಆಗ್ನೇಯ ಭಾಗದ ಸೂಜಿತಾಳೆ, ಅಂದರೆ ರಾಪಿಡೋಫಿಲ್ಲಮ್, ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೂ ಬದುಕುಳಿದದ್ದಿದೆ. ಚೀನಾದ ಟ್ರಾಕಿಕಾರ್ಪಸ್ ಫಾರ್ಚುನೈ ಸುಮಾರು ಮೈನಸ್ 15ರವರೆಗೆ ತಾಳಿಕೊಳ್ಳುತ್ತದೆ. ತೆಂಗಿಗೆ ಸೊನ್ನೆಯ ಹತ್ತಿರ ಬರುವುದೂ ಆಗದು. ಸುಮಾತ್ರಾ, ಬೋರ್ನಿಯೊಗಳ ಜೌಗುಕಾಡಿನ ಸಿರ್ಟೊಸ್ಟ್ಯಾಕಿಸ್‌ಗೆ, ಅದೇ ಅರಗಿನಂತೆ ಕೆಂಪಗೆ ಹೊಳೆಯುವ ಕಾಂಡದ ತಾಳೆಗೆ, ಹಿಮದ ಮಾತು ಬೇಡ; ಹತ್ತು ಡಿಗ್ರಿಯ ಕೆಲವು ರಾತ್ರಿಗಳೇ ಸಾಕು ಎಲೆ ಕಂದಲು.

ಈ ಅಂಕಿಗಳನ್ನು ನಂಬಿ ಮೋಸಹೋದವರ ಸಂಖ್ಯೆ ದೊಡ್ಡದು. ಅಂಕಿ ಸುಳ್ಳಲ್ಲ, ಅರ್ಧ ಸತ್ಯ. ಚಳಿ ಎಷ್ಟು ಹೊತ್ತು ಇತ್ತು? ಮಧ್ಯಾಹ್ನ ಮತ್ತೆ ಬಿಸಿಲೇರಿತೇ? ಎಲ್ಲಕ್ಕಿಂತ ಮುಖ್ಯವಾಗಿ, ಸುಳಿಯಲ್ಲಿ ನೀರಿತ್ತೇ? ಒಣ ಚಳಿಯಲ್ಲಿ ಮೈನಸ್ 10 ತಡೆಯುವ ಗಿಡ ಹಸಿ ಚಳಿಯಲ್ಲಿ ಮೈನಸ್ 4ಕ್ಕೇ ಸೋಲಬಹುದು. ಹಿಮ ಎಲೆಯ ಕೋಶಗಳನ್ನು ಒಡೆಯುತ್ತದೆ, ಅದು ಮೊದಲ ಪೆಟ್ಟು. ಒಡೆದ ಅಂಗಾಂಶದಲ್ಲಿ ನೀರು ನಿಂತು ಬೂಷ್ಟು, ಬ್ಯಾಕ್ಟೀರಿಯಾ ಇಳಿದು ಕೊಳೆಸುತ್ತವೆ, ಅದು ಎರಡನೆಯದು. ಗಿಡವನ್ನು ಕೊಲ್ಲುವುದು ಬಹಳ ಸಲ ಈ ಎರಡನೆಯ ಪೆಟ್ಟೇ. ನನ್ನ ಏಳು ವರ್ಷದ ಗಿಡ ಹೋದದ್ದೂ ಹಾಗೆಯೇ: ಹಿಮ ಬಿದ್ದದ್ದು ಒಂದು ರಾತ್ರಿ, ಅದರ ಬೆನ್ನಿಗೆ ಎರಡು ವಾರ ಜಿಟಿಜಿಟಿ ಮಳೆ. ಎಲೆ ಸುಟ್ಟಿಲ್ಲವಲ್ಲ ಎಂದು ನಾನು ಸುಮ್ಮನಿದ್ದೆ.

ಸುಳಿಗರಿ ಕೈಗೆ ಬಂದ ಮಾತ್ರಕ್ಕೆ ಗಿಡವನ್ನು ಕಿತ್ತೆಸೆಯಬೇಕಿಲ್ಲ. ಕೊಳೆ ಮೊಗ್ಗಿನವರೆಗೆ ಇಳಿದಿಲ್ಲದಿದ್ದರೆ ಬದುಕುವ ಸಾಧ್ಯತೆ ಇದೆ. ಸುಳಿಗರಿ ಇದ್ದ ಗುಂಡಿಯಲ್ಲಿ ನಿಂತ ನೀರನ್ನು ಹೀರಿ ತೆಗೆದು, ತಾಮ್ರದ ಶಿಲೀಂಧ್ರನಾಶಕ ಬಿಟ್ಟು, ಮಳೆ ಬೀಳದಂತೆ ಮೇಲೆ ಏನಾದರೂ ಮುಚ್ಚಿ, ಬೆಚ್ಚಗಿನ ದಿನಗಳಿಗೆ ಕಾಯಬೇಕು. ತಿಂಗಳುಗಟ್ಟಲೆ ಕಾದ ಮೇಲೆ ಸೊಟ್ಟಗೆ, ಅರ್ಧಂಬರ್ಧ ಕತ್ತರಿಸಿದಂಥ ಒಂದು ಗರಿ ಹೊರಬಂದರೆ ಗೆದ್ದಂತೆ. ಅಷ್ಟು ಕುರೂಪಿ ಎಲೆಯನ್ನು ಕಂಡು ಅಷ್ಟು ಸಂತೋಷಪಡುವವರು ಬೇರೆ ಯಾರೂ ಇರಲಾರರು.

ಬೇಸಿಗೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಕೃಷಿ ಇಲಾಖೆ ಮಾಡಿದ ಹವಾವಲಯಗಳ ನಕ್ಷೆ ಪ್ರಪಂಚದ ತೋಟಗಾರರ ಬಾಯಲ್ಲೆಲ್ಲ ಇದೆ. ಅದು ನೋಡುವುದು ಒಂದನ್ನೇ: ವರ್ಷದ ಅತಿ ಚಳಿಯ ರಾತ್ರಿಯ ತಾಪಮಾನ, ಹಲವು ವರ್ಷಗಳ ಸರಾಸರಿಯಲ್ಲಿ. ಉಳಿದ 364 ದಿನಗಳ ಬಗ್ಗೆ ಅದು ಚಕಾರವೆತ್ತುವುದಿಲ್ಲ. ಸೇಬಲ್ ಮೈನರ್ ಎಂಬ ಕುಳ್ಳು ತಾಳೆಯನ್ನು ನೋಡಿ. ಅಮೆರಿಕದ ದಕ್ಷಿಣದ ಜೌಗಿನಲ್ಲಿ ಮೈನಸ್ 15ಕ್ಕೂ ಜಗ್ಗದ ಗಿಡ ಅದು. ಚಳಿ ಅಷ್ಟೇನೂ ಕಠಿಣವಲ್ಲದ ಇಂಗ್ಲೆಂಡಿನಲ್ಲಿ ನೆಟ್ಟರೆ ಸಾಯುವುದಿಲ್ಲ, ಆದರೆ ವರ್ಷಕ್ಕೆ ಒಂದು ಎಲೆ ಬಿಟ್ಟು ಸುಸ್ತಾಗುತ್ತದೆ. ಅದಕ್ಕೆ ಬೇಕಿರುವುದು ಬೆವರಿಳಿಸುವ ಉದ್ದನೆಯ ಬೇಸಿಗೆ. ಆ ಬೇಸಿಗೆಯಲ್ಲಿ ದುಡಿದು ಕೂಡಿಟ್ಟದ್ದನ್ನೇ ಅದು ಚಳಿಗಾಲದಲ್ಲಿ ಖರ್ಚು ಮಾಡುತ್ತದೆ. ಟ್ರಾಕಿಕಾರ್ಪಸ್ ಹಾಗಲ್ಲ. ಅದು ಬೆಟ್ಟದ ಗಿಡ, ತಣ್ಣನೆಯ ಬೇಸಿಗೆಯಲ್ಲೇ ಚೆನ್ನಾಗಿ ಬೆಳೆಯುತ್ತದೆ. ಸಸ್ಯ ಸಂಗ್ರಾಹಕ ರಾಬರ್ಟ್ ಫಾರ್ಚೂನ್ 1849ರಲ್ಲಿ ಚೀನಾದಿಂದ ಇಂಗ್ಲೆಂಡಿಗೆ ಕಳಿಸಿದ ಮೇಲೆ ಸ್ಕಾಟ್ಲೆಂಡಿನ ಕರಾವಳಿಯವರೆಗೂ ಅದು ಹರಡಿತು. ಸ್ವಿಟ್ಜರ್ಲೆಂಡಿನ ತಿಚಿನೊ ಪ್ರಾಂತ್ಯದಲ್ಲಂತೂ ತೋಟ ಬಿಟ್ಟು ಕಾಡಿಗೇ ನುಗ್ಗಿ ಉಪದ್ರವವಾಗಿದೆ.

ಚಳಿ ಸಾಲದೆ ಸಾಯುವ ತಾಳೆಗಳೂ ಇವೆ ಎಂದರೆ ಕೆಲವರು ನಂಬುವುದಿಲ್ಲ. ಜಗತ್ತಿನ ಅತಿ ಎತ್ತರದ ತಾಳೆ ಕೊಲಂಬಿಯಾದ ಮೇಣದ ತಾಳೆ, ಸೆರಾಕ್ಸಿಲಾನ್ ಕ್ವಿಂಡಿಯುಯೆನ್ಸೆ. 60 ಮೀಟರ್‌ವರೆಗೂ ಬೆಳೆಯುವ ಇದನ್ನು 1985ರಲ್ಲಿ ಆ ದೇಶದ ರಾಷ್ಟ್ರವೃಕ್ಷವೆಂದು ಘೋಷಿಸಲಾಯಿತು. ಅದರ ತವರು ಆಂಡೀಸ್ ಪರ್ವತದ 2,000ದಿಂದ 3,000 ಮೀಟರ್ ಎತ್ತರದ ಮೋಡದ ಕಣಿವೆಗಳು. ಸಮಭಾಜಕಕ್ಕೆ ಅಷ್ಟು ಹತ್ತಿರದಲ್ಲಿದ್ದರೂ ಅಲ್ಲಿ ಹಗಲು ತಂಪು, ರಾತ್ರಿ ಇನ್ನೂ ತಂಪು. ಬಯಲುಸೀಮೆಯ ಬೆಚ್ಚನೆಯ ರಾತ್ರಿಗಳು ಅದಕ್ಕೆ ಆಗಿಬರುವುದಿಲ್ಲ. ಹಗಲಲ್ಲಿ ಗಳಿಸಿದ್ದನ್ನು ಗಿಡ ರಾತ್ರಿ ಉಸಿರಾಟಕ್ಕೆ ಖರ್ಚು ಮಾಡುತ್ತದೆ, ರಾತ್ರಿ ಬಿಸಿಯಾದಷ್ಟೂ ಖರ್ಚು ಹೆಚ್ಚು. ಬೊಲಿವಿಯಾದ ಎತ್ತರದ ಕಣಿವೆಗಳ ಪರಾಜುಬಿಯಾ, ನ್ಯೂಜಿಲೆಂಡಿನ ನಿಕಾವು ಇವುಗಳದ್ದೂ ಇದೇ ಹಟ. ಉಷ್ಣವಲಯದ ತಗ್ಗಿನಲ್ಲಿರುವ ಸಂಗ್ರಾಹಕ ತೆಂಗನ್ನು ಕಣ್ಣುಮುಚ್ಚಿ ಬೆಳೆಸುತ್ತಾನೆ, ಸ್ಕಾಟ್ಲೆಂಡಿನವನ ತೋಟದ ಗಿಡಗಳನ್ನು ನೋಡಿ ಕರುಬುತ್ತಾನೆ. ಅತ್ತ ಸ್ಕಾಟ್ಲೆಂಡಿನವನಿಗೆ ಒಂದು ತೆಂಗಿನ ಸಸಿಯನ್ನು ಎರಡು ಚಳಿಗಾಲ ದಾಟಿಸಿದರೆ ಅದೇ ಸಾಹಸ.

ಮರುಭೂಮಿಯ ತಾಳೆಗಳ ಬಗ್ಗೆಯೂ ಒಂದು ತಪ್ಪು ಕಲ್ಪನೆ ಬೇರೂರಿದೆ. ಖರ್ಜೂರದ ಪಾದ ನೀರಿನಲ್ಲಿ, ತಲೆ ಬೆಂಕಿಯಲ್ಲಿ ಎಂದು ಅರಬ್ಬರು ಹೇಳುತ್ತಾರೆ. ಅದು ಬರ ತಡೆಯುವ ಗಿಡ ನಿಜ, ಆದರೆ ಮೂಲತಃ ಒಯಸಿಸ್‌ನ ಮರ. ಬೇರು ಎಲ್ಲೋ ಆಳದಲ್ಲಿ ತೇವ ಹಿಡಿದಿರುತ್ತದೆ. ಕ್ಯಾಲಿಫೋರ್ನಿಯಾದ ಕೊಅಚೆಲ್ಲಾ ಕಣಿವೆಯಲ್ಲಿ ವಾಷಿಂಗ್ಟೋನಿಯಾ ಫಿಲಿಫೆರಾ ತಾಳೆಯ ತೋಪುಗಳು ಭೂಪಟದ ಮೇಲೆ ಗೆರೆ ಎಳೆದಂತೆ ಸಾಲಾಗಿ ನಿಂತಿವೆ. ಆ ಗೆರೆ ಸ್ಯಾನ್ ಆಂಡ್ರಿಯಾಸ್ ಎಂಬ ಭೂಪದರದ ಬಿರುಕಿನದು. ನೆಲದೊಳಗಿನ ನೀರು ಬಿರುಕಿಗೆ ತಡೆದು ಮೇಲೆ ಒಸರುವ ಕಡೆಯಲ್ಲೆಲ್ಲ ತಾಳೆ ಇದೆ. ಮರಳುಗಾಡಿನ ಗಿಡ ತಾನೇ ಎಂದು ಎಳೆಯ ಸಸಿಗೆ ನೀರು ತಪ್ಪಿಸಿದರೆ ಅದು ಒಣಗಿ ಹೋಗುತ್ತದೆ.

ಇರುವ ಹವೆಯನ್ನು ಒಂದೆರಡು ಡಿಗ್ರಿ ಬಾಗಿಸುವ ಉಪಾಯಗಳಿವೆ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ನೆಲದ ಶಾಖ ನೇರ ಆಕಾಶಕ್ಕೆ ಹಾರಿಹೋಗುತ್ತದೆ. ಆಗ ಮೇಲೊಂದು ದೊಡ್ಡ ಮರದ ನೆರಳಿದ್ದರೆ ಅದೇ ಕಂಬಳಿ. ತಣ್ಣನೆಯ ಗಾಳಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ, ಆದ್ದರಿಂದ ತಗ್ಗಿನಲ್ಲಿ ನೆಡಬಾರದು. ಹಗಲೆಲ್ಲ ಬಿಸಿಲು ಕುಡಿದ ಕಲ್ಲಿನ ಗೋಡೆ ರಾತ್ರಿ ಅದನ್ನು ಹಿಂದಿರುಗಿಸುತ್ತದೆ. ಇಷ್ಟೂ ಸಾಲದಿದ್ದರೆ ಗರಿಗಳನ್ನು ಮೇಲಕ್ಕೆತ್ತಿ ಕಟ್ಟಿ, ಗಾಳಿಯಾಡುವ ಬಟ್ಟೆ ಸುತ್ತಿ, ನೆತ್ತಿಗೆ ಮಳೆ ತಾಗದಂತೆ ನೋಡಿಕೊಳ್ಳಬೇಕು. ಎಲೆಗೆ ತಾಗುವಂತೆ ಪ್ಲಾಸ್ಟಿಕ್ ಸುತ್ತಿದರೆ ಒಳಗೆ ಬೆವರು ಇಳಿದು ಸುಳಿ ಕೊಳೆಯುತ್ತದೆ, ಅದಕ್ಕಿಂತ ಏನೂ ಮಾಡದಿರುವುದೇ ಲೇಸು.

ಒಳಾಂಗಣಕ್ಕೆ ಬಂದರೆ ಸಮಸ್ಯೆ ಚಳಿಯದ್ದಲ್ಲ, ಬೆಳಕಿನದು. ಲಾರ್ಡ್ ಹೋವ್ ಎಂಬ ಪುಟ್ಟ ದ್ವೀಪದ ಕೆಂಟಿಯಾ ತಾಳೆ ವಿಕ್ಟೋರಿಯಾ ಕಾಲದ ಕತ್ತಲೆ ಕೋಣೆಗಳಲ್ಲಿ, ದೀಪದ ಹೊಗೆಯ ನಡುವೆಯೂ ಬದುಕಿ ಹೆಸರು ಗಳಿಸಿತು. ಅದೂ, ಮೆಕ್ಸಿಕೊ ಕಾಡಿನ ನೆರಳಿನ ಕೇಮಿಡೋರಿಯಾ ಎಲೆಗನ್ಸ್ ಕೂಡ ಕುಂಡದಲ್ಲಿ ವರ್ಷಗಟ್ಟಲೆ ಸುಖವಾಗಿರುತ್ತವೆ. ಖರ್ಜೂರವನ್ನು ಕೋಣೆಯೊಳಗೆ ಇಡುವವರನ್ನು ಕಂಡರೆ ನನಗೆ ಖರ್ಜೂರದ ಮೇಲೆ ಕನಿಕರ.

ಬೀಜವೆಂಬ ಗಡಿಯಾರ

ತಾಳೆಯನ್ನು ಕಸಿ ಕಟ್ಟಲಾಗದು, ಕೊಂಬೆ ನೆಟ್ಟು ಬೇರು ಬರಿಸಲಾಗದು. ಮರಿ ಹಾಕುವ ಕೆಲವನ್ನು ಬಿಟ್ಟರೆ ಬೀಜವೊಂದೇ ದಾರಿ. ಆ ಬೀಜಕ್ಕೆ ಎಷ್ಟು ಆಯುಷ್ಯ ಎನ್ನುವುದನ್ನು ನಿರ್ಧರಿಸುವುದೂ ತವರಿನ ಹವೆಯೇ. ಮಳೆಕಾಡಿನ ನೆಲ ಯಾವಾಗಲೂ ಒದ್ದೆ, ಕಾಯುವ ಅಗತ್ಯವೇ ಇಲ್ಲ. ಹಾಗಾಗಿ ಅಲ್ಲಿನ ಬಹಳಷ್ಟು ಬೀಜಗಳು ಒಣಗಿದರೆ ಕೆಲವೇ ವಾರಗಳಲ್ಲಿ ಸಾಯುತ್ತವೆ. ಒಣನಾಡಿನ ಖರ್ಜೂರ ಇನ್ನೊಂದು ತುದಿ. ಇಸ್ರೇಲಿನ ಮಸಾಡಾ ಕೋಟೆಯ ಅವಶೇಷಗಳಲ್ಲಿ ಸಿಕ್ಕ, ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆಯಿತು. ಮೆಥುಸೆಲಾ ಎಂದು ಹೆಸರಿಟ್ಟರು. ಅದು ಗಂಡು ಗಿಡ ಎಂದು ತಿಳಿದದ್ದು ಹೂ ಬಿಟ್ಟ ಮೇಲೆ.

ಬೀಜ ಕೈಗೆ ಬಂದ ಕೂಡಲೇ ತಿರುಳನ್ನು ಪೂರ್ತಿ ತೆಗೆಯಬೇಕು, ಅದರಲ್ಲಿ ಮೊಳಕೆಯನ್ನು ತಡೆಯುವ ಅಂಶಗಳಿರುತ್ತವೆ, ಬೂಷ್ಟಿಗೂ ಅದೇ ಆಹಾರ. ಬೈನೆಯ ಹಣ್ಣಾದರೆ ಕೈಗವಸು ಹಾಕಿಕೊಳ್ಳಿ. ಅದರ ತಿರುಳಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಬರಿಗೈಯಲ್ಲಿ ಹಿಸುಕಿದವರು ಆ ತುರಿಕೆಯನ್ನು ಮರೆಯುವುದಿಲ್ಲ. ತೊಳೆದ ಬೀಜಗಳನ್ನು ಒಂದೆರಡು ದಿನ ನೀರಿನಲ್ಲಿ ನೆನೆಸಿ, ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ಒದ್ದೆ ಮಾಡಿದ ತೆಂಗಿನ ನಾರಿನ ಪುಡಿಯಲ್ಲಿ ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, 25ರಿಂದ 35 ಡಿಗ್ರಿ ಕಾವಿರುವ ಕಡೆ ಇಟ್ಟರೆ ನಿಮ್ಮ ಪಾಲಿನ ಕೆಲಸ ಮುಗಿಯಿತು. ಬೆಟ್ಟದ ಪ್ರಭೇದಗಳಿಗೆ ಮಾತ್ರ ಕಾವು ಇದಕ್ಕಿಂತ ಕಡಿಮೆ ಸಾಕು.

ಆಮೇಲಿನದು ಕಾಯುವಿಕೆ. ವಾಷಿಂಗ್ಟೋನಿಯಾ ಕೆಲವೇ ವಾರಗಳಲ್ಲಿ ಮೊಳೆಯುತ್ತದೆ. ಚಿಲಿಯ ಜುಬಿಯಾ ವರ್ಷವನ್ನೇ ತೆಗೆದುಕೊಳ್ಳಬಹುದು, ಮೂರು ವರ್ಷ ಕಾಯಿಸಿ ಮೊಳೆಯುವ ತಾಳೆಗಳೂ ಇವೆ. ಚೀಲವನ್ನು ಬೆಳಕಿಗೆ ಹಿಡಿದು ನೋಡುವುದು ಒಂದು ಚಟವಾಗುತ್ತದೆ. ಒಂದು ದಿನ ಬೀಜದ ಮೈಮೇಲಿನ ಸಣ್ಣ ಗುಂಡಿಯಂಥ ಮುಚ್ಚಳ ಕಳಚಿ ಬಿಳಿಯ ಕೊಳವೆಯೊಂದು ಇಣುಕುತ್ತದೆ. ಅದನ್ನು ಬೇರೆಂದು ತಿಳಿಯುವುದು ಸಹಜ, ಆದರೆ ಅದು ಬೀಜದಳದ ತೊಟ್ಟು. ಭ್ರೂಣವನ್ನು ತನ್ನ ತುದಿಯಲ್ಲಿ ಹೊತ್ತು ಅದು ನೆಲದೊಳಕ್ಕೆ ಇಳಿಯುತ್ತದೆ. ತಕ್ಕ ಆಳ ಸಿಕ್ಕ ಮೇಲೆ ಬೇರು ಕೆಳಕ್ಕೆ, ಕೊಳವೆಯ ಪಕ್ಕದ ಸೀಳಿನಿಂದ ಮೊದಲ ಎಲೆ ಮೇಲಕ್ಕೆ. ಖರ್ಜೂರ, ತಾಟಿನಿಂಗಿನ ತಾಳೆಗಳೆಲ್ಲ ಹೀಗೆ. ಬೆಂಕಿ, ಬರ, ಮೇಯುವ ದನ ಇರುವ ನಾಡಿನಲ್ಲಿ ಸುಳಿಯನ್ನು ನೆಲದಡಿಯಲ್ಲಿ ಬಚ್ಚಿಡುವ ಜಾಣತನ ಇದು. ಅಡಿಕೆ, ತೆಂಗುಗಳಿಗೆ ಇದರ ಗೊಡವೆಯಿಲ್ಲ, ಬೀಜದ ಮಗ್ಗುಲಲ್ಲೇ ಚಿಗುರುತ್ತವೆ. ಸೆಶೆಲ್ಸ್ ದ್ವೀಪದ ಕೊಕೊ ಡಿ ಮೇರ್‌ನ ಬೀಜ ಪ್ರಪಂಚದ ಎಲ್ಲ ಬೀಜಗಳಿಗಿಂತ ದೊಡ್ಡದು, 20 ಕಿಲೋ ದಾಟುವುದೂ ಉಂಟು. ಅದರ ಕೊಳವೆ ಹಗ್ಗದಂತೆ ನೆಲದೊಳಗೆ ಮೀಟರುಗಟ್ಟಲೆ ಸಾಗಿ, ತಾಯಿಮರದ ನೆರಳಿನಿಂದ ದೂರ ಸರಿದು ತಲೆಯೆತ್ತುತ್ತದೆ.

ಹಳದಿ ಗರಿಯನ್ನು ಕತ್ತರಿಸಬೇಡಿ

ನಾಟಿ ಮಾಡುವಾಗ ಆಗುವ ದೊಡ್ಡ ತಪ್ಪು ಆಳಕ್ಕೆ ಹೂಳುವುದು. ತಾಳೆಗೆ ತಾಯಿಬೇರು ಉಳಿಯುವುದಿಲ್ಲ. ಕಾಂಡದ ಬುಡದ ಒಂದು ಪಟ್ಟಿಯಿಂದ ಹಗ್ಗದಂಥ ಬೇರುಗಳು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಆ ಪಟ್ಟಿ ಮಣ್ಣಿನ ಮೇಲ್ಮಟ್ಟದಲ್ಲೇ ಇರಬೇಕು. ಹೂತರೆ ಬೇರಿಗೆ ಉಸಿರು ಕಟ್ಟಿ ಎಳೆಗರಿಗಳು ಬಿಳಿಚುತ್ತವೆ, ಕಬ್ಬಿಣದ ಕೊರತೆಯ ಲಕ್ಷಣ ಅದು.

ದೊಡ್ಡ ಮರವನ್ನು ಕಿತ್ತು ನೆಡಬಹುದೇ? ಪ್ರಭೇದದ ಮೇಲೆ ನಿಂತಿದೆ. ಫ್ಲಾರಿಡಾದಲ್ಲಿ ನಡೆದ ಪ್ರಯೋಗಗಳಲ್ಲಿ ತೆಂಗಿನ ಕಡಿದ ಬೇರುಗಳಲ್ಲಿ ಅರ್ಧದಷ್ಟು ಮತ್ತೆ ಕವಲೊಡೆದವು. ಸೇಬಲ್ ಪಾಲ್ಮೆಟೊದಲ್ಲಿ ಕಡಿದ ಬೇರು ಹೆಚ್ಚುಕಡಿಮೆ ಒಂದೂ ಉಳಿಯಲಿಲ್ಲ. ಅದು ಬುಡದಿಂದ ಎಲ್ಲವನ್ನೂ ಹೊಸದಾಗಿ ಹುಟ್ಟಿಸಬೇಕು. ಅಷ್ಟು ತಿಂಗಳು ಕಾಂಡದಲ್ಲಿ ಕೂಡಿಟ್ಟ ನೀರು, ಪಿಷ್ಟವೇ ಗತಿ. ಸೇಬಲ್ ಸಾಗಿಸುವಾಗ ಗರಿಗಳನ್ನೆಲ್ಲ ಬೋಳಿಸುವುದು ಈ ಕಾರಣಕ್ಕೆ. ಕಾಂಡ ಇನ್ನೂ ಮೂಡದ ಎಳೆಯ ಸಸಿಗೆ ಆ ಉಗ್ರಾಣ ಇರುವುದಿಲ್ಲ. ಮಡಗಾಸ್ಕರಿನ ಬೆಳ್ಳಿಬಣ್ಣದ ಬಿಸ್ಮಾರ್ಕಿಯಾ ಸಸಿಯ ಬೇರು ಕದಲಿಸಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು.

ಹಳದಿಯಾದ ಕೆಳಗಿನ ಗರಿಗಳನ್ನು ಕತ್ತರಿಸಿ ಅಂದ ಮಾಡುವ ಅಭ್ಯಾಸ ಎಲ್ಲ ಕಡೆ ಇದೆ, ಅದು ಮರಕ್ಕೆ ಕೆಟ್ಟದ್ದು. ತಾಳೆಗಳನ್ನು ಹೆಚ್ಚಾಗಿ ಕಾಡುವುದು ಪೊಟ್ಯಾಷ್ ಕೊರತೆ. ಮಣ್ಣಿನಲ್ಲಿ ಸಿಗದಿದ್ದಾಗ ಮರ ಹಳೆಯ ಗರಿಗಳಿಂದ ಪೊಟ್ಯಾಷನ್ನು ಹಿಂದಕ್ಕೆಳೆದು ಸುಳಿಗೆ ಕಳಿಸುತ್ತದೆ. ಹಳೆಯ ಗರಿಯಲ್ಲಿ ಕಿತ್ತಳೆ ಚುಕ್ಕೆ ಮೂಡಿ ತುದಿ ಒಣಗುತ್ತದೆ. ಅದನ್ನು ಕತ್ತರಿಸಿದರೆ ಮರ ಒಂದು ಹೆಜ್ಜೆ ಮೇಲಿನ ಹಸಿರು ಗರಿಯನ್ನು ಹಿಂಡಲು ಶುರುಮಾಡುತ್ತದೆ. ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯಿರಿ. ರೋಗ ಎಲ್ಲಿದೆ ಎಂದು ಓದಲು ಒಂದು ಸುಲಭದ ಸೂತ್ರ: ತೊಂದರೆ ಹಳೆಯ ಗರಿಯಲ್ಲಿ ಕಂಡರೆ ಪೊಟ್ಯಾಷ್, ಮೆಗ್ನೀಷಿಯಂ, ಹೊಸ ಗರಿಯಲ್ಲಿ ಕಂಡರೆ ಕಬ್ಬಿಣ, ಮ್ಯಾಂಗನೀಸ್, ಬೋರಾನ್. ಮ್ಯಾಂಗನೀಸ್ ಕೊರತೆಯಲ್ಲಿ ಎಳೆಗರಿ ಬೆಂಕಿ ತಾಗಿದಂತೆ ಸುರುಟಿಕೊಳ್ಳುತ್ತದೆ, ಸುಣ್ಣದ ಮಣ್ಣಿನಲ್ಲಿ ಇದು ಸಾಮಾನ್ಯ.

ಕತ್ತರಿಯ ಬಗ್ಗೆ ಇನ್ನೂ ಒಂದು ಮಾತಿದೆ. ಕ್ಯಾನರಿ ದ್ವೀಪದ ಖರ್ಜೂರವನ್ನು ಕೊಲ್ಲುವ ಫ್ಯುಸೇರಿಯಂ ಸೊರಗುರೋಗ ತೋಟದಿಂದ ತೋಟಕ್ಕೆ ಸಾಗಿದ್ದು ಮುಖ್ಯವಾಗಿ ಗರಗಸದ ಹಲ್ಲಿನ ಮೇಲೆ ಕೂತು. ಕೆಂಪುಮೂತಿ ಹುಳುವಿಗೂ ಹಸಿ ಗಾಯದ ವಾಸನೆ ಎಂದರೆ ಆಹ್ವಾನ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟರೆ ಮರಿಹುಳುಗಳು ಒಳಗೊಳಗೇ ತಿರುಳು ತಿನ್ನುತ್ತವೆ, ನೆತ್ತಿ ಕುಸಿದು ಬಾಗಿದಾಗ ಹೊರಗಿನವರಿಗೆ ಗೊತ್ತಾಗುತ್ತದೆ. ದಕ್ಷಿಣ ಏಷ್ಯಾದ ಈ ಹುಳು 1980ರ ದಶಕದಲ್ಲಿ ಕೊಲ್ಲಿ ದೇಶಗಳನ್ನೂ, 1990ರ ದಶಕದಲ್ಲಿ ಮೆಡಿಟರೇನಿಯನ್ ತೀರವನ್ನೂ ತಲುಪಿತು. ರೆಕ್ಕೆ ಬಡಿದು ಹೋದದ್ದಕ್ಕಿಂತ ಹೆಚ್ಚಾಗಿ ಅಲಂಕಾರಕ್ಕೆಂದು ಸಾಗಿಸಿದ ದೊಡ್ಡ ತಾಳೆಗಳ ಹೊಟ್ಟೆಯೊಳಗೆ ಕೂತು ಹೋಯಿತು.

ಸಂಗ್ರಾಹಕರ ಲೋಕ

ತಾಳೆ ಕೂಡಿಡುವವರ ಆಸೆಗೆ ಲೆಕ್ಕಾಚಾರ ಕಡಿಮೆ. ನ್ಯೂ ಕ್ಯಾಲಿಡೋನಿಯಾದ ಚಾಂಬೇರೋನಿಯಾ ಹೊಸ ಗರಿಯನ್ನು ಕೆಂಪಗೆ ಬಿಚ್ಚುತ್ತದೆ, ಕೆಲವು ದಿನಗಳಲ್ಲಿ ಅದು ಹಸಿರಾಗಿಬಿಡುತ್ತದೆ. ವರ್ಷಕ್ಕೆ ಎರಡೋ ಮೂರೋ ಗರಿ. ಆ ಕೆಲವೇ ದಿನಗಳ ಕೆಂಪಿಗಾಗಿ ಜನ ಐದಾರು ವರ್ಷ ಕಾಯುತ್ತಾರೆ. ಶ್ರೀತಾಳೆ ನೆಡುವವರದ್ದು ಇನ್ನೂ ದೊಡ್ಡ ಎದೆ. ಅದು 30ರಿಂದ 80 ವರ್ಷ ಸುಮ್ಮನೆ ಬೆಳೆದು, ಒಮ್ಮೆ ಮಾತ್ರ ಸಸ್ಯಲೋಕದ ಅತಿ ದೊಡ್ಡ ಹೂಗೊಂಚಲನ್ನು ನೆತ್ತಿಯ ಮೇಲೆತ್ತಿ, ಕಾಯಿ ಉದುರಿಸಿ ಸಾಯುತ್ತದೆ. ಅದರ ಒಂದೇ ಸುಳಿ ಹೂವಾಗಿ ಮುಗಿದುಹೋದ ಮೇಲೆ ಬೆಳೆಯಲು ಇನ್ನೇನೂ ಉಳಿದಿರುವುದಿಲ್ಲ.

ಹಿಂದೆ ಸಂಗ್ರಹವೆಂದರೆ ಹಡಗು, ಜ್ವರ, ದುರದೃಷ್ಟ. ಅಮೆಜಾನ್‌ನಲ್ಲಿ ನಾಲ್ಕು ವರ್ಷ ಅಲೆದ ಇಂಗ್ಲಿಷ್ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1852ರಲ್ಲಿ ಊರಿಗೆ ಮರಳುವಾಗ ಹಡಗಿಗೆ ಬೆಂಕಿ ಬಿದ್ದು ಸಂಗ್ರಹವೆಲ್ಲ ಬೂದಿಯಾಯಿತು. ಒಂದು ತಗಡಿನ ಪೆಟ್ಟಿಗೆಯಲ್ಲಿ ಉಳಿದ ಅಷ್ಟಿಷ್ಟರಲ್ಲಿ ತಾಳೆಗಳ ಚಿತ್ರಗಳಿದ್ದವು. ಮರುವರ್ಷವೇ ಅವನ್ನು ಪ್ರಕಟಿಸಿದ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1840ರ ದಶಕದ ಚಿಲಿಯ ಬೀಜದಿಂದ ಬೆಳೆದ ಜುಬಿಯಾ ಗಾಜಿನ ಮನೆಯ ಸೂರನ್ನೇ ಮುಟ್ಟಿತ್ತು. 1956ರಲ್ಲಿ ಫ್ಲಾರಿಡಾದಲ್ಲಿ ಡೆಂಟ್ ಸ್ಮಿತ್ ಹುಟ್ಟುಹಾಕಿದ ತಾಳೆ ಸಂಘ ಮುಂದೆ ಅಂತರರಾಷ್ಟ್ರೀಯವಾಯಿತು. ಬೀಜಗಳು ಅಂಚೆಯಲ್ಲಿ ಖಂಡದಿಂದ ಖಂಡಕ್ಕೆ ಹಾರತೊಡಗಿದವು.

ಈ ಹಂಚಿಕೆಗೆ ಎರಡು ಮುಖ. ಮಡಗಾಸ್ಕರಿನ ತ್ರಿಕೋನ ತಾಳೆ ಡಿಪ್ಸಿಸ್ ಡೆಕಾರಿ ತೋಟಗಳಲ್ಲಿ ಬೇಕಾದಷ್ಟಿದೆ, ಕಾಡಿನಲ್ಲಿ ವಿರಳ. ಅದರ ವ್ಯಾಪಾರ ಅಪಾಯದಲ್ಲಿರುವ ಜೀವಿಗಳ ವಹಿವಾಟನ್ನು ಹತೋಟಿಯಲ್ಲಿಡುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಗಡಿ ದಾಟುವ ಯಾವುದೇ ಗಿಡಕ್ಕೆ ರೋಗಮುಕ್ತ ಪ್ರಮಾಣಪತ್ರ ಕೇಳುವುದು ಕಿರುಕುಳ ಅನ್ನಿಸಬಹುದು, ಕೆಂಪುಮೂತಿ ಹುಳುವಿನ ಕತೆ ಗೊತ್ತಿದ್ದವರಿಗೆ ಹಾಗನ್ನಿಸದು. ಅದೇ ಮಡಗಾಸ್ಕರಿನ ತಾಹಿನಾ ಸ್ಪೆಕ್ಟಾಬಿಲಿಸ್‌ನ ಕತೆ ಬೇರೆ ತೆರನದು. 2008ರಲ್ಲಿ ವಿಜ್ಞಾನಕ್ಕೆ ಪರಿಚಯವಾದ, ಶ್ರೀತಾಳೆಯಂತೆ ಒಮ್ಮೆ ಹೂಬಿಟ್ಟು ಸಾಯುವ ದೈತ್ಯ ಇದು. ಕಾಡಿನಲ್ಲಿ ತೀರಾ ಕಡಿಮೆ ಮರಗಳು. ಅದರ ಬೀಜಗಳನ್ನು ಪ್ರಪಂಚದ ಸಂಗ್ರಾಹಕರಿಗೆ ಮಾರಿ, ಬಂದ ಹಣವನ್ನು ಆ ಮರಗಳಿರುವ ಹಳ್ಳಿಗೇ ಕೊಡುವ ಏರ್ಪಾಡಾಯಿತು. ಈಗ ಅದರ ಸಸಿಗಳು ಹಲವು ದೇಶಗಳಲ್ಲಿ ಬೆಳೆಯುತ್ತಿವೆ.

ಮಾರಿಷಸ್‌ನ ಕ್ಯುರ್‌ಪಿಪ್ ಸಸ್ಯೋದ್ಯಾನದಲ್ಲಿ ಬೇಲಿ ಹಾಕಿ ಕಾಪಾಡಿರುವ ಒಂದು ತಾಳೆಗೆ ಅಂಥ ಅದೃಷ್ಟ ಬರಲಿಲ್ಲ. ಹಯೋಫೋರ್ಬೆ ಅಮಾರಿಕಾಲಿಸ್ ಪ್ರಭೇದದಲ್ಲಿ ಉಳಿದಿರುವ ಮರ ಅದೊಂದೇ. ಅದು ಹೂ ಬಿಡುತ್ತದೆ. ಒಂದೇ ಗೊಂಚಲಿನಲ್ಲಿ ಗಂಡುಹೂಗಳು ಮೊದಲು ಅರಳಿ ಉದುರಿಹೋಗುತ್ತವೆ, ಹೆಣ್ಣುಹೂಗಳು ಆಮೇಲೆ ಅರಳುತ್ತವೆ. ಆ ಹೊತ್ತಿಗೆ ಪರಾಗ ಕೊಡಲು ಪಕ್ಕದಲ್ಲಿ ಇನ್ನೊಂದು ಮರವಿಲ್ಲ.